ಭೂಮಿಯ ಮೊದಲ ಗಾಳಿ

ನಾವು ನಿಮಿಷಕ್ಕೆ ಹದಿನೈದು ಸಲದಂತೆ ಹಗಲಿರುಳೂ ಒಳಕ್ಕೆ ತೆಗೆದುಕೊಳ್ಳುವ ಗಾಳಿಯು ಅನಾದಿಕಾಲದಿಂದಲೂ ಇದ್ದಂತೆಯೇ ಇರುವುದೆಂದು ಬಹುಮಂದಿ ನಂಬಿರುತ್ತಾರೆ. ಬೆಟ್ಟ ಸವೆಯುವುದನ್ನು ಕಾಣಬಹುದು, ಹೊಳೆ ದಾರಿ ಬದಲಿಸುವುದನ್ನು ಕಾಣಬಹುದು. ರೂಪವೇ ಇಲ್ಲದ ಗಾಳಿಗೆ ವಯಸ್ಸೆಲ್ಲಿಂದ ಬರಬೇಕು? ಹೀಗೆಂದುಕೊಳ್ಳುವುದು ಸಹಜವೇ ಸರಿ. ಆದರೆ ಭೂಮಿಗೆ ವಯಸ್ಸಿರುವಂತೆ ಅದರ ಗಾಳಿಗೂ ವಯಸ್ಸುಂಟು. ಭೂಮಿಯು ಮೊದಲು ಹೊದ್ದಿದ್ದ ಗಾಳಿ ಹಾರಿಹೋಯಿತು. ಎರಡನೆಯದು ಅದರ ಒಡಲಿನಿಂದಲೇ ಹೊರಬಂದಿತು. ಆ ಎರಡನೆಯ ಗಾಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟ್ಯಂತರ ವರ್ಷ ದುಡಿದು ಮಾರ್ಪಡಿಸಿದುದರ ಫಲವೇ ಇಂದು ನಾವು ಉಸಿರಾಡುತ್ತಿರುವ ಮೂರನೆಯ ಗಾಳಿ. ಈ ತಿಂಗಳು ಇದನ್ನು ಕುರಿತು ಸ್ವಲ್ಪ ವಿಚಾರಮಾಡೋಣ.

ತರ್ಕಶಾಸ್ತ್ರದ ಬಾಲಪಾಠವಾದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆ ವಾಯುವು ಎರಡು ವಿಧವೆಂಬುದು ನೆನಪಿರಬಹುದು. ಪರಮಾಣುರೂಪವಾದುದು ನಿತ್ಯ, ಕಾರ್ಯರೂಪವಾದುದು ಅನಿತ್ಯ. ಕಾರ್ಯವೆಂದರೆ ಕಾರಣದಿಂದ ಹುಟ್ಟಿದ್ದು. ತೈತ್ತಿರೀಯೋಪನಿಷತ್ತಿನಲ್ಲಿಯಾದರೋ ಆಕಾಶದಿಂದ ವಾಯು, ವಾಯುವಿನಿಂದ ಅಗ್ನಿ, ಅಗ್ನಿಯಿಂದ ನೀರು, ನೀರಿನಿಂದ ಪೃಥಿವಿ ಎಂದು ಸೃಷ್ಟಿಕ್ರಮವನ್ನು ಹೇಳಿದೆ. ಇಂದಿನ ವಿಜ್ಞಾನಿಗಳು ಭೂಮಿಯಿಂದಲೇ ಗಾಳಿ ಹೊರಟಿತೆನ್ನುತ್ತಾರೆ. ಇಲ್ಲಿ ವಿರೋಧವನ್ನು ಹುಡುಕುವುದೂ ಬೇಡ, ಎಳೆದುತಂದು ಹೊಂದಿಸುವುದೂ ಬೇಡ. ಉಪನಿಷತ್ತಿನ ವಾಯು ಒಂದು ತತ್ತ್ವ. ನಾವು ಹೇಳಹೊರಟಿರುವುದು ಸೀಸೆಯಲ್ಲಿ ಹಿಡಿದು ತೂಗಬಹುದಾದ ಅನಿಲಗಳ ಮಿಶ್ರಣ. ಹಾಗೆಯೇ ನಮ್ಮ ಕಲ್ಪದ ಪ್ರಮಾಣ ೪೩೨ ಕೋಟಿ ವರ್ಷ. ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಪರೀಕ್ಷಿಸಿ ಅಮೆರಿಕದ ಕ್ಲೇರ್ ಪ್ಯಾಟರ್ಸನ್ನರು ೧೯೫೬ರಲ್ಲಿ ನಿರ್ಣಯಿಸಿದ ಭೂಮಿಯ ವಯಸ್ಸು ಸುಮಾರು ೪೫೫ ಕೋಟಿ ವರ್ಷ. ಸಂಖ್ಯೆಗಳು ಹತ್ತಿರವಾದುವೆಂದು ಹಿಗ್ಗಬಾರದು. ಒಂದು ಯುಗಗಣನೆಯಿಂದ ಬಂದದ್ದು, ಇನ್ನೊಂದು ಕಲ್ಲಿನ ಪರೀಕ್ಷೆಯಿಂದ ಬಂದದ್ದು. ಈ ವಿಷಯದಲ್ಲಿ ನಾವು ಪೂರ್ವಿಕರಿಂದ ಪಡೆಯತಕ್ಕದ್ದು ವಿಚಾರಮಾಡುವ ಕ್ರಮವನ್ನು. ಅದು ನಮಗೆ ಈಗ ಬಹಳ ಉಪಯೋಗಕ್ಕೆ ಬರುವುದು.

ಹೇಗೆಂದರೆ, ಮುನ್ನೂರು ಕೋಟಿ ವರ್ಷಗಳ ಹಿಂದಿನ ಗಾಳಿಯನ್ನು ಯಾರೂ ಸೀಸೆಯಲ್ಲಿ ತುಂಬಿಟ್ಟಿಲ್ಲ. ಪ್ರತ್ಯಕ್ಷಪ್ರಮಾಣಕ್ಕೆ ಇಲ್ಲಿ ಎಡೆಯಿಲ್ಲ. ಹೊಗೆಯನ್ನು ಕಂಡು ಬೆಟ್ಟದ ಮೇಲೆ ಬೆಂಕಿಯಿದೆಯೆಂದು ಊಹಿಸುವಂತೆ, ಉಳಿದಿರುವ ಗುರುತುಗಳಿಂದ ಹೋದ ಗಾಳಿಯನ್ನು ಅನುಮಾನಿಸಬೇಕು. ಅನುಮಾನವು ನಿಲ್ಲುವುದು ಹೇತುವಿನ ಬಲದ ಮೇಲೆ. ಹೇತು ಒಳ್ಳೆಯದೋ ಕೆಟ್ಟದ್ದೋ ಎಂದು ಪರೀಕ್ಷಿಸುವುದೇ ಈ ಶಾಸ್ತ್ರದ ಸ್ವಾರಸ್ಯ.

ಮೊದಲು ಇಂದಿನ ಗಾಳಿಯನ್ನು ನೋಡೋಣ. ತೇವವಿಲ್ಲದ ಗಾಳಿಯನ್ನು ನೂರು ಪಾಲು ಮಾಡಿದರೆ ಅದರಲ್ಲಿ ೭೮ ಪಾಲು ಸಾರಜನಕ, ಸುಮಾರು ೨೧ ಪಾಲು ಆಮ್ಲಜನಕ, ೦.೯೩ ಪಾಲು ಆರ್ಗಾನ್ ಎಂಬ ಜಡಾನಿಲ. ಇಂಗಾಲಾಮ್ಲವಾಯು, ಅಂದರೆ ಈಗಿನ ಮಕ್ಕಳ ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡು, ೦.೦೪ ಪಾಲಿಗಿಂತ ತುಸು ಹೆಚ್ಚು. ಆಮ್ಲಜನಕವನ್ನು ಇಂಗ್ಲೆಂಡಿನ ಪ್ರೀಸ್ಟ್ಲಿಯು ೧೭೭೪ರಲ್ಲಿ ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ ಪಡೆದನು. ಫ್ರಾನ್ಸಿನ ಲವಾಸಿಯೇಯು ಆಮ್ಲಗಳೆಲ್ಲಕ್ಕೂ ಇದೇ ಮೂಲವೆಂದು ಭ್ರಮಿಸಿ, ಆಮ್ಲವನ್ನು ಹುಟ್ಟಿಸತಕ್ಕದ್ದು ಎಂಬರ್ಥದ ಹೆಸರಿಟ್ಟನು. ಉಪ್ಪಿನಿಂದ ತೆಗೆಯುವ ತೀಕ್ಷ್ಣಾಮ್ಲದಲ್ಲಿ ಇದು ಲೇಶವೂ ಇಲ್ಲವೆಂದು ಆಮೇಲೆ ತಿಳಿಯಿತು. ಆದರೂ ಹೆಸರು ನಿಂತಿತು. ನಮ್ಮ ‘ಆಮ್ಲಜನಕ’ವು ಅದರ ಭಾಷಾಂತರವೇ ಆಗಿದೆ.

ಇನ್ನು ಮೊದಲನೆಯ ಹೇತು. ಗಾಳಿಯಲ್ಲಿ ನಿಯಾನ್ ಎಂಬ ಇನ್ನೊಂದು ಜಡಾನಿಲವುಂಟು; ಅಂಗಡಿಗಳ ಬಣ್ಣದ ದೀಪಗಳಿಂದ ಅದರ ಹೆಸರು ಎಲ್ಲರಿಗೂ ಪರಿಚಿತ. ಅದು ಯಾವ ವಸ್ತುವಿನೊಡನೆಯೂ ಕೂಡುವುದಿಲ್ಲ. ಆದ್ದರಿಂದ ಕಲ್ಲಿನಲ್ಲಿ ಸೇರಿ ಅಡಗಿಕೊಳ್ಳಲಾರದು. ಸೂರ್ಯನಲ್ಲಿ ನಿಯಾನೂ ಸಾರಜನಕವೂ ಹೆಚ್ಚುಕಡಮೆ ಸರಿಸಮವಾಗಿವೆ. ಭೂಮಿಯು ಹುಟ್ಟುವಾಗ ಸೂರ್ಯನ ಸುತ್ತಲಿನ ಜಲಜನಕ, ಹೀಲಿಯಂ ಮುಂತಾದ ಅನಿಲಗಳನ್ನು ಹೊದ್ದುಕೊಂಡು ಅದನ್ನೇ ಇಂದಿನವರೆಗೆ ಉಳಿಸಿಕೊಂಡಿದ್ದರೆ, ನಮ್ಮ ಗಾಳಿಯಲ್ಲಿಯೂ ನಿಯಾನು ಸಾರಜನಕದಷ್ಟೇ ಇರಬೇಕಾಗಿತ್ತು. ಇರುವುದಾದರೋ ಹತ್ತು ಲಕ್ಷ ಪಾಲಿನಲ್ಲಿ ೧೮ ಪಾಲು ಮಾತ್ರ. ಹೊರಗೆ ಹೋಗದೆ, ಒಳಗೆ ಅಡಗದೆ, ಈ ಕೊರತೆ ಹೇಗಾಯಿತು? ಹೊರಗೆ ಹೋಗಿರಬೇಕು. ಅದರೊಡನೆ ಮೊದಲ ಗಾಳಿಯೆಲ್ಲವೂ ಹೋಗಿರಬೇಕು. ರಸೆಲ್ ಮತ್ತು ಮೆನ್ಜೆಲ್ ಎಂಬ ಖಗೋಳಜ್ಞರು ೧೯೩೩ರಲ್ಲಿ ಈ ಕೊರತೆಯನ್ನು ವಿಚಾರಿಸಿದರು. ಹ್ಯಾರಿಸನ್ ಬ್ರೌನ್ ಎಂಬ ರಸಾಯನಶಾಸ್ತ್ರಜ್ಞರು ೧೯೪೯ರಲ್ಲಿ ಇದನ್ನು ವಿಸ್ತರಿಸಿದರು. ಎಳೆಯ ಸೂರ್ಯನ ತೀಕ್ಷ್ಣಕಿರಣಗಳೂ, ಚಂದ್ರನ ಹುಟ್ಟಿಗೆ ಕಾರಣವಾಯಿತೆನ್ನಲಾದ ಮಹಾಘಟ್ಟನೆಯೂ ಮೊದಲ ಹೊದಿಕೆಯನ್ನು ಕಿತ್ತೊಗೆದುವೆಂದು ವಿದ್ವಾಂಸರ ಮತ.

ಹಾಗಾದರೆ ಎರಡನೆಯ ಗಾಳಿ ಎಲ್ಲಿಂದ ಬಂತು? ಇದಕ್ಕೆ ಆರ್ಗಾನೇ ಹೇತು. ನಮ್ಮ ಉಸಿರಿನ ಸುಮಾರು ನೂರನೆಯ ಒಂದು ಪಾಲಾಗಿರುವ ಈ ಅನಿಲದಲ್ಲಿ ನೂರಕ್ಕೆ ೯೯ಕ್ಕೂ ಮಿಕ್ಕ ಭಾಗವು ೪೦ ತೂಕದ ಪರಮಾಣುಗಳಿಂದಾದುದು. ಆ ತೂಕದ ಆರ್ಗಾನು ಹುಟ್ಟುವುದು ಪೊಟ್ಯಾಸಿಯಂ ಧಾತುವಿನ ಒಂದು ಪ್ರಭೇದವು ತಾನಾಗಿ ಕ್ಷಯಿಸಿದಾಗ. ಒಲೆಯ ಬೂದಿಯಲ್ಲಿಯೂ ಹೊಲದ ಗೊಬ್ಬರದಲ್ಲಿಯೂ ಇರುವ ಆ ಪೊಟ್ಯಾಸಿಯಮೇ ಬಂಡೆಗಳಲ್ಲಿಯೂ ಹೇರಳವಾಗಿದೆ. ಕ್ಷಯಿಸತಕ್ಕ ಪ್ರಭೇದವು ಅರ್ಧಕ್ಕೆ ಇಳಿಯಲು ಸುಮಾರು ೧೨೫ ಕೋಟಿ ವರ್ಷ ಬೇಕು. ಆದುದರಿಂದ ಈ ಆರ್ಗಾನೆಲ್ಲ ಬಂಡೆಯ ಗರ್ಭದಲ್ಲಿ ಹುಟ್ಟಿ, ಬೆಂಕಿಯ ಬೆಟ್ಟಗಳ ಮೂಲಕವೂ ಬಿರುಕುಗಳ ಮೂಲಕವೂ ಮೇಲಕ್ಕೆ ಬಂದದ್ದು. ಒಂದು ಅನಿಲವು ಹೀಗೆ ಬಂದಿದ್ದರೆ, ಉಳಿದುವೂ ಅದೇ ದಾರಿಯಲ್ಲಿ ಬಂದಿರಬಹುದು. ಅಮೆರಿಕದ ಭೂವಿಜ್ಞಾನಿ ವಿಲಿಯಂ ರೂಬಿಯವರು ೧೯೫೧ರಲ್ಲಿ ಕಡಲಿನ ನೀರೂ ಗಾಳಿಯೂ ಭೂಗರ್ಭದಿಂದ ಬಹುಕಾಲ ಹೊರಬಿದ್ದು ಸೇರಿದುವೆಂದು ಲೆಕ್ಕಹಾಕಿ ತೋರಿಸಿದರು.

ಆ ಎರಡನೆಯ ಗಾಳಿಯಲ್ಲಿ ಏನೇನಿದ್ದಿತೆಂಬುದರ ಬಗ್ಗೆ ದೊಡ್ಡ ಚರ್ಚೆ ನಡೆದಿದೆ. ರಷ್ಯಾದ ಒಪಾರಿನ್ ಎಂಬವರೂ ಇಂಗ್ಲೆಂಡಿನ ಹಾಲ್ಡೇನ್ ಎಂಬವರೂ ಆದಿಯಲ್ಲಿ ಬಿಡಿ ಆಮ್ಲಜನಕವಿರಲಿಲ್ಲವೆಂದೂ, ಅದಿಲ್ಲದ್ದರಿಂದಲೇ ಜೀವಕ್ಕೆ ಬೇಕಾದ ವಸ್ತುಗಳು ಸುಟ್ಟುಹೋಗದೆ ಕೂಡಿಕೊಂಡುವೆಂದೂ ಬೇರೆಬೇರೆಯಾಗಿ ವಾದಿಸಿದರು. ಹಾಲ್ಡೇನರ ಲೇಖನ ೧೯೨೯ರದು. ಇವರೇ ೧೯೫೭ರಲ್ಲಿ ಭಾರತಕ್ಕೆ ಬಂದು, ಈ ದೇಶದ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ೧೯೫೩ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಸ್ಟ್ಯಾನ್ಲಿ ಮಿಲ್ಲರ್ ಎಂಬ ವಿದ್ಯಾರ್ಥಿಯು ತನ್ನ ಗುರು ಯೂರಿಯವರ ಅಭಿಪ್ರಾಯದಂತೆ ಜೌಗುವಾಯು (ಮೀಥೇನ್), ಅಮೋನಿಯ, ಜಲಜನಕ, ನೀರಾವಿ ಇವನ್ನು ಗಾಜಿನ ಪಾತ್ರೆಯಲ್ಲಿ ತುಂಬಿ, ಮಿಂಚಿನ ಬದಲಾಗಿ ವಿದ್ಯುತ್ತಿನ ಕಿಡಿಯನ್ನು ಹಾಯಿಸಿದನು. ಕೆಲವು ದಿನಗಳಲ್ಲಿ ನೀರು ಬಣ್ಣಕಟ್ಟಿತು. ಅದರಲ್ಲಿ ಸಸಾರಜನಕಗಳ, ಅಂದರೆ ಬೇಳೆಕಾಳುಗಳ ಪೌಷ್ಟಿಕಾಂಶದ, ಮೂಲಘಟಕಗಳಾದ ಅಮೈನೋ ಆಮ್ಲಗಳು ದೊರೆತುವು.

ಪ್ರಯೋಗವೇನೋ ನಿರ್ದುಷ್ಟವಾದದ್ದು. ಆದರೆ ಪಾತ್ರೆಯೊಳಗಿನ ಗಾಳಿ ಭೂಮಿಯ ಮೇಲಿನ ಗಾಳಿಯಂತೆಯೇ ಇದ್ದಿತೇ ಎಂಬ ಪ್ರಶ್ನೆ ಉಳಿಯಿತು. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್ ಎಂಬಲ್ಲಿ ದೊರೆಯುವ ಜಿರ್ಕಾನ್ ಹರಳುಗಳಲ್ಲಿ ಕೆಲವು ೪೪೦ ಕೋಟಿ ವರ್ಷದಷ್ಟು ಹಳೆಯವು. ಭೂಮಿಯಲ್ಲಿಯೇ ಹುಟ್ಟಿದ ವಸ್ತುಗಳಲ್ಲಿ ಇದುವರೆಗೆ ದೊರೆತಿರುವ ಅತ್ಯಂತ ಪುರಾತನವಾದುವು ಇವೇ. ಇಂಥ ಅತಿ ಹಳೆಯ ಹರಳುಗಳನ್ನು ಪರೀಕ್ಷಿಸಿದವರು ೨೦೧೧ರಲ್ಲಿ, ಅಂದಿನ ಕರಗಿದ ಶಿಲಾರಸವೂ ಇಂದಿನದರಂತೆಯೇ ಇದ್ದಿತೆಂದು ಕಂಡರು. ಶಿಲಾರಸವು ಇಂದಿನಂತಿದ್ದರೆ ಅದು ಉಗುಳಿದ ಹೊಗೆಯೂ ಇಂದಿನ ಬೆಂಕಿಬೆಟ್ಟಗಳ ಹೊಗೆಯಂತೆಯೇ ಇದ್ದಿರಬೇಕು. ಅದರಲ್ಲಿ ಹೆಚ್ಚಿನದು ನೀರಾವಿ, ಆಮೇಲೆ ಇಂಗಾಲಾಮ್ಲವಾಯು, ಗಂಧಕದ ಹೊಗೆ, ಸ್ವಲ್ಪ ಸಾರಜನಕ. ಜೌಗುವಾಯುವೂ ಅಮೋನಿಯವೂ ಮಿಲ್ಲರನು ತುಂಬಿದಷ್ಟು ಇದ್ದಿರಲಾರವೆಂದೇ ಇಂದು ಹೆಚ್ಚಿನವರ ಮತ. ಬಿಡಿ ಆಮ್ಲಜನಕ ಇರಲಿಲ್ಲವೆಂಬ ಮಾತು ಮಾತ್ರ ಎರಡು ಪಕ್ಷದವರಿಗೂ ಸಮ್ಮತ. ಆ ಗಾಳಿಯಲ್ಲಿ ಒಲೆ ಹೊತ್ತುತ್ತಿರಲಿಲ್ಲ, ದೀಪ ನಿಲ್ಲುತ್ತಿರಲಿಲ್ಲ.

ನೀರಾವಿ ತಣಿದು ಮಳೆಯಾಗಿ ಕಡಲಾಯಿತು. ಇಂಗಾಲಾಮ್ಲವಾಯು ಎಲ್ಲಿ ಹೋಯಿತೆಂಬುದನ್ನು ನಮ್ಮ ವೀಳ್ಯದ ತಟ್ಟೆಯ ಸುಣ್ಣವೇ ಹೇಳುವುದು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗೆ ಸೆರೆಯಾಗಿದ್ದ ಇಂಗಾಲಾಮ್ಲವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದನ್ನು ನೀರಿನಲ್ಲಿ ಅರಳಿಸಿ ಗೋಡೆಗೆ ಬಳಿದರೆ, ಗಾಳಿಯಿಂದ ಅದೇ ವಾಯುವನ್ನು ಮರಳಿ ಹೀರಿ ಕ್ರಮೇಣ ಕಲ್ಲಾಗಿ ಗಟ್ಟಿಯಾಗುತ್ತದೆ. ಈ ಎರಡನೆಯ ಕಾರ್ಯವೇ ಸಮುದ್ರಗಳಲ್ಲಿ ಬೇರೊಂದು ಬಗೆಯಿಂದ ಕೋಟ್ಯಂತರ ವರ್ಷ ನಡೆಯಿತು. ಮಳೆನೀರು ವಾಯುವನ್ನು ಕರಗಿಸಿಕೊಂಡು ಬಂಡೆಗಳನ್ನು ತಿಂದು, ಹೊಳೆಗಳು ಆ ಸಾರವನ್ನು ಕಡಲಿಗೊಯ್ದು, ಅಲ್ಲಿ ಸುಣ್ಣದ ಕಲ್ಲಿನ ಪದರಗಳು ಬೆಳೆದುವು. ನೀರಿನ ಕಡಲಿಲ್ಲದ ಶುಕ್ರಗ್ರಹದಲ್ಲಿ ಇದು ನಡೆಯಲಿಲ್ಲ. ಅಲ್ಲಿಯ ಗಾಳಿಯಲ್ಲಿ ನೂರಕ್ಕೆ ೯೬ ಪಾಲು ಇಂದಿಗೂ ಇಂಗಾಲಾಮ್ಲವಾಯುವೇ. ಅದರ ಒತ್ತಡ ನಮ್ಮದಕ್ಕಿಂತ ತೊಂಬತ್ತು ಪಾಲು ಹೆಚ್ಚು. ಸೀಸವು ಕರಗುವಷ್ಟು ಸೆಖೆ. ನಮ್ಮಲ್ಲಿಯೂ ಸುಣ್ಣದ ಕಲ್ಲುಗಳೆಲ್ಲ ತಮ್ಮ ವಾಯುವನ್ನು ಬಿಟ್ಟುಕೊಟ್ಟರೆ ಒತ್ತಡವು ಹತ್ತಾರು ಪಾಲು ಹೆಚ್ಚಾದೀತು.

ಆದರೆ ಆದಿಕಾಲದಲ್ಲಿ ಈ ವಾಯುವೇ ಭೂಮಿಗೆ ಉಪಕಾರಮಾಡಿತು. ಎಳೆಯ ಸೂರ್ಯನ ಬೆಳಕು ಇಂದಿಗಿಂತ ನೂರಕ್ಕೆ ಇಪ್ಪತ್ತೈದು ಮೂವತ್ತು ಪಾಲು ಕಡಮೆಯಿದ್ದಿತು. ಕಡಲು ಹೆಪ್ಪುಗಟ್ಟಬೇಕಾಗಿತ್ತಲ್ಲ, ಏಕೆ ಗಟ್ಟಲಿಲ್ಲವೆಂದು ಕಾರ್ಲ್ ಸೇಗನ್ ಮತ್ತು ಜಾರ್ಜ್ ಮುಲೆನ್ ಎಂಬವರು ೧೯೭೨ರಲ್ಲಿ ಪ್ರಶ್ನೆಮಾಡಿದರು. ಇಂಗಾಲಾಮ್ಲವಾಯು ಮೊದಲಾದುವು ಕಂಬಳಿಯಂತೆ ಶಾಖವನ್ನು ಹಿಡಿದಿಟ್ಟುದರಿಂದ ಎಂಬುದು ಇಂದು ಹೆಚ್ಚಾಗಿ ಒಪ್ಪಿರುವ ಉತ್ತರ. ಗಾಳಿಯ ಭಾರವಾದರೂ ಬಹಳ ಹೆಚ್ಚಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ೨೭೦ ಕೋಟಿ ವರ್ಷಗಳ ಹಿಂದೆ ಬೆಂಕಿಬೆಟ್ಟದ ಬೂದಿಯ ಮೇಲೆ ಬಿದ್ದ ಮಳೆಹನಿಗಳ ಗುಳಿಗಳು ಕಲ್ಲಾಗಿ ಉಳಿದಿವೆ. ಗಾಳಿ ದಟ್ಟವಾದಷ್ಟೂ ಹನಿ ನಿಧಾನವಾಗಿ ಬಿದ್ದು ಗುಳಿ ಕಿರಿದಾಗುವುದು. ಆ ಗುಳಿಗಳನ್ನಳೆದು, ಅಂದಿನ ಗಾಳಿಯ ಸಾಂದ್ರತೆ ಇಂದಿನದರ ಎರಡು ಪಾಲಿಗಿಂತ ಕಡಮೆಯಿದ್ದಿತೆಂದು ೨೦೧೨ರಲ್ಲಿ ತೀರ್ಮಾನಿಸಿದರು. ಮುಂಗಾರಿನ ಮೊದಲ ಹನಿಗಳು ಅಂಗಳದ ಧೂಳಿನಲ್ಲಿ ಮಾಡುವ ಗುಳಿಗಳನ್ನು ನೋಡಿದಾಗ ಇದನ್ನು ಮಕ್ಕಳಿಗೆ ಹೇಳಬಹುದು.

ಇನ್ನು ಆಮ್ಲಜನಕದ ಪ್ರಶ್ನೆ. ಅದು ಎಂದು ಬಂತು? ಇದಕ್ಕೆ ಮೂರು ಹೇತುಗಳನ್ನು ಹೇಳುವುದುಂಟು. ಅವುಗಳಲ್ಲಿ ಎರಡು ನಮ್ಮ ಕನ್ನಡನಾಡಿನ ಕಲ್ಲುಗಳಲ್ಲಿಯೇ ಇವೆ.

ಸಂಡೂರು, ಕುದುರೆಮುಖ, ಬಾಬಾಬುಡನ್‌ಗಿರಿ ಇವುಗಳ ಕಬ್ಬಿಣದ ಕಲ್ಲನ್ನು ನೋಡಿದವರು ಅದರ ಪಟ್ಟೆಗಳನ್ನು ಕಂಡಿರುತ್ತಾರೆ. ಒಂದು ಪದರ ಕೆಂಪು ಅಥವಾ ಕಪ್ಪು ಕಬ್ಬಿಣ, ಮತ್ತೊಂದು ಪದರ ಬೆಣಚು, ಹೀಗೆ ಸೀರೆಯ ಅಂಚಿನಂತೆ ಒಂದರ ಮೇಲೊಂದು. ಇವು ೨೫೦ ಕೋಟಿ ವರ್ಷಕ್ಕಿಂತ ಹಳೆಯವು. ೧೯೨೩ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅದಿರು ಬಂದುದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಆಮ್ಲಜನಕವಿಲ್ಲದ ಸಮುದ್ರದಲ್ಲಿ ಕಬ್ಬಿಣವು ಕರಗಿಕೊಂಡಿರುವುದು; ಆಮ್ಲಜನಕ ತಗಲಿದೊಡನೆ ತುಕ್ಕಾಗಿ ತಳಕ್ಕಿಳಿಯುವುದು. ಆದುದರಿಂದ ಈ ಪದರಗಳು ಸಮುದ್ರದಲ್ಲಿ ಆಮ್ಲಜನಕ ಹುಟ್ಟಿದುದರ ಗುರುತೆಂದು ಬಹುಕಾಲ ಹೇಳುತ್ತಿದ್ದರು. ಆದರೆ ನೈಯಾಯಿಕರು ಸವ್ಯಭಿಚಾರವೆಂದು ಕರೆಯುವ ದೋಷ ಈ ಹೇತುವಿನಲ್ಲಿದೆ. ಎಂದರೆ, ಸಾಧ್ಯವಿಲ್ಲದ ಕಡೆಯಲ್ಲಿಯೂ ಹೇತು ಕಾಣಿಸಿಕೊಳ್ಳಬಹುದು. ಬಿಡಿ ಆಮ್ಲಜನಕವಿಲ್ಲದೆಯೇ, ಬೆಳಕಿನ ಬಲದಿಂದ ಕಬ್ಬಿಣವನ್ನು ತುಕ್ಕಾಗಿಸಬಲ್ಲ ಸೂಕ್ಷ್ಮಜೀವಿಗಳು ಇಂದಿಗೂ ಇವೆ. ಆದ್ದರಿಂದ ಈ ಪಟ್ಟೆಗಳಷ್ಟನ್ನೇ ನೆಚ್ಚುವಂತಿಲ್ಲ.

ಎರಡನೆಯ ಹೇತು ಇದಕ್ಕಿಂತ ಗಟ್ಟಿಯಾದುದು. ಬಾಬಾಬುಡನ್ ಶಿಲಾಸಮೂಹದ ಬುಡದಲ್ಲಿ, ೨೭೦ ಕೋಟಿ ವರ್ಷಕ್ಕಿಂತ ಹಳೆಯದಾದ ಹೊಳೆಯ ಜಲ್ಲಿ ಗಟ್ಟಿಯಾಗಿ ಕಲ್ಲಾದುದುಂಟು. ಅದರಲ್ಲಿ ಪೈರೈಟ್ ಎಂಬ, ಕಬ್ಬಿಣವೂ ಗಂಧಕವೂ ಕೂಡಿದ ಹೊಂಬಣ್ಣದ ಖನಿಜದ ಕಣಗಳಿವೆ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡಿನ ಚಿನ್ನದ ಗಣಿಗಳ ಜಲ್ಲಿಗಲ್ಲಿನಲ್ಲಿಯೂ ಇಂಥ ಕಣಗಳುಂಟು; ನೀರಿನಲ್ಲಿ ಹೊರಳಿ ದುಂಡಗಾದುವೂ ಅವುಗಳಲ್ಲಿವೆ. ಇಂದಿನ ಹೊಳೆಯಲ್ಲಿ ಪೈರೈಟು ಬಹುದೂರ ಹರಿದುಬರಲಾರದು. ಗಾಳಿ ನೀರುಗಳ ಸಂಗಡ ತುಕ್ಕುಹಿಡಿದು ಕರಗಿಹೋಗುವುದು. ಅಂದು ಕರಗದೆ ಉಳಿದುದರಿಂದ ಅಂದಿನ ಗಾಳಿಯಲ್ಲಿ ಆಮ್ಲಜನಕವು ಇಲ್ಲವೆಂಬಷ್ಟು ಕಡಮೆಯಿದ್ದಿತೆಂದು ಸಿದ್ಧವಾಗುವುದು.

ಮೂರನೆಯದನ್ನು ಕಂಡವರು ಫಾರ್ಕರ್, ಬಾವೊ, ಥೀಮೆನ್ಸ್ ಎಂಬ ಮೂವರು, ೨೦೦೦ದಲ್ಲಿ. ಗಂಧಕದ ಪರಮಾಣುಗಳಲ್ಲಿ ತೂಕಭೇದದಿಂದ ನಾಲ್ಕು ಬಗೆಗಳುಂಟು. ಆಮ್ಲಜನಕವಿಲ್ಲದ ಗಾಳಿಯಲ್ಲಿ ಸೂರ್ಯನ ತೀಕ್ಷ್ಣಕಿರಣಗಳು ಗಂಧಕದ ಹೊಗೆಯನ್ನು ಒಡೆದಾಗ ಈ ಬಗೆಗಳ ಪ್ರಮಾಣದಲ್ಲಿ ಒಂದು ವಿಲಕ್ಷಣವಾದ ಏರುಪೇರಾಗಿ, ಅದು ಹಾಗೆಯೇ ಕಲ್ಲಿಗೆ ಸೇರುವುದು. ಸುಮಾರು ೨೪೦ ಕೋಟಿ ವರ್ಷಕ್ಕೆ ಹಿಂದಿನ ಕಲ್ಲುಗಳಲ್ಲಿ ಈ ಗುರುತು ಇದೆ; ಅದಕ್ಕೆ ಈಚಿನವುಗಳಲ್ಲಿ ಅಳಿಸಿಹೋಗಿದೆ. ಗಾಳಿಯಲ್ಲಿ ಆಮ್ಲಜನಕವು ನೆಲೆನಿಂತ ಕಾಲವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಸಾಕ್ಷಿ ಇನ್ನೊಂದಿಲ್ಲ.

ಈ ಆಮ್ಲಜನಕವನ್ನು ಮಾಡಿದವರಾರು? ಮಳೆಗಾಲದಲ್ಲಿ ಹಿತ್ತಲ ಕಲ್ಲಿನ ಮೇಲೆ ಕಪ್ಪುಹಸುರಾಗಿ ಬೆಳೆದು ಕಾಲು ಜಾರಿಸುವ ನೀಲಹಸುರು ಪಾಚಿಯ ಪೂರ್ವಿಕರು. ಇವು ಸೂರ್ಯನ ಬೆಳಕಿನಿಂದ ನೀರನ್ನು ಒಡೆದು, ತಮಗೆ ಬೇಕಾದುದನ್ನಿಟ್ಟುಕೊಂಡು, ಆಮ್ಲಜನಕವನ್ನು ಕಸದಂತೆ ಹೊರಹಾಕುತ್ತವೆ. ಇಂಥ ಸೂಕ್ಷ್ಮಜೀವಿಗಳ ಹಾಸುಗಳು ಪದರಪದರವಾಗಿ ಕಟ್ಟಿದ ಸುಣ್ಣದ ದಿಬ್ಬಗಳು ಕಲ್ಲಾಗಿ ಚಿತ್ರದುರ್ಗ, ಸಂಡೂರು ಸೀಮೆಗಳಲ್ಲಿ ಸಿಕ್ಕಿವೆ. ಪಶ್ಚಿಮ ಆಸ್ಟ್ರೇಲಿಯದ ಷಾರ್ಕ್ ಕೊಲ್ಲಿಯಲ್ಲಿ ಅಂಥ ದಿಬ್ಬಗಳು ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ. ನಮ್ಮ ಬೃಂದಾವನದ ತುಳಸಿಯ ಎಲೆಯೊಳಗಿನ ಹಸುರು ಕಣಗಳೂ ಈ ಪಾಚಿಯ ಸಂತತಿಯೇ ಎಂದು ಇಂದು ಸಿದ್ಧವಾಗಿದೆ. ಎಲೆಗಳು ಬೆಳಕಿನಲ್ಲಿ ಮಾತ್ರ ಈ ಕೆಲಸ ಮಾಡುವುವೆಂದು ಇಂಗನ್‌ಹೌಸ್ ಎಂಬ ವೈದ್ಯನು ೧೭೭೯ರಲ್ಲಿಯೇ ತೋರಿಸಿದನು. ಅಶ್ವತ್ಥವು ರಾತ್ರಿಯಲ್ಲಿಯೂ ಆಮ್ಲಜನಕವನ್ನು ಕೊಡುವುದೆಂಬ ಮಾತು ಬಳಕೆಯಲ್ಲಿದೆಯಷ್ಟೆ, ಅದು ನಿಜವಲ್ಲ. ಅಶ್ವತ್ಥದ ಪೂಜ್ಯತೆಗೆ ಆ ಸುಳ್ಳಿನ ಆಸರೆಯೂ ಬೇಕಿಲ್ಲ.

ಅಂದಿನ ಜೀವಿಗಳಿಗೆ ಈ ಆಮ್ಲಜನಕವು ವಿಷವಾಗಿದ್ದಿತು. ಅದನ್ನು ತಾಳಲಾರದ ಸೂಕ್ಷ್ಮಜೀವಿಗಳು ಸತ್ತುವು, ಇಲ್ಲವೆ ಗಾಳಿಯಾಡದ ಕೆಸರಿನಲ್ಲಿ ಅಡಗಿದುವು. ಅವುಗಳ ವಂಶ ನಮ್ಮ ಕೆರೆಯ ಹೂಳಿನಲ್ಲಿಯೂ ಗೋಬರ್ ಗ್ಯಾಸಿನ ಗುಂಡಿಯಲ್ಲಿಯೂ ಇಂದಿಗೂ ಬದುಕಿದೆ. ತಾಳಿಕೊಂಡ ಜೀವಿಗಳಾದರೋ ಅದೇ ವಿಷದಿಂದ ಹೆಚ್ಚಿನ ಶಕ್ತಿಯನ್ನು ಪಡೆಯುವುದನ್ನು ಕಲಿತುವು. ನಾವೆಲ್ಲ ಆ ಪಂಗಡದವರು. ಮೇಲಣ ಗಾಳಿಯಲ್ಲಿ ಆಮ್ಲಜನಕವೇ ಓಜೋನಾಗಿ ಮಾರ್ಪಟ್ಟು ಸೂರ್ಯನ ಉಗ್ರಕಿರಣಗಳಿಗೆ ಅಡ್ಡನಿಂತುದರಿಂದ ಜೀವವು ನೀರನ್ನು ಬಿಟ್ಟು ನೆಲಕ್ಕೇರುವುದೂ ಸುಲಭವಾಯಿತು.

ಗೃಹಸ್ಥರು ಗಮನಿಸಬೇಕಾದ ಒಂದು ಲೆಕ್ಕ ಇಲ್ಲಿದೆ. ಗಿಡವು ಬೆಳೆಯುವಾಗ ಕೊಟ್ಟಷ್ಟು ಆಮ್ಲಜನಕವನ್ನು ಅದು ಕೊಳೆಯುವಾಗ ಅಥವಾ ಉರಿಯುವಾಗ ಗಾಳಿಯಿಂದ ಮರಳಿ ತೆಗೆದುಕೊಳ್ಳುವುದು. ಜಮೆಗೂ ಖರ್ಚಿಗೂ ಸರಿಹೋಗುವುದು. ಕೊಳೆಯದೆ ಮಣ್ಣಿನಡಿಯಲ್ಲಿ ಹೂತುಹೋದ ಭಾಗದಿಂದ ಮಾತ್ರ ಆಮ್ಲಜನಕವು ಉಳಿತಾಯವಾಗುವುದು. ಹಾಗೆ ಹೂತುಹೋದುದರಲ್ಲಿ ಒಂದಂಶವೇ ಕಲ್ಲಿದ್ದಲು, ಕಲ್ಲೆಣ್ಣೆ. ಅದನ್ನು ಅಗೆದು ಉರಿಸುವುದೆಂದರೆ ಆ ಹಳೆಯ ಖಾತೆಯನ್ನು ಹಿಂದುಮುಂದಾಗಿ ಬರೆಯುವುದು. ಇದರಿಂದ ಆಮ್ಲಜನಕ ಮುಗಿದೀತೆಂಬ ಭಯ ಬೇಡ. ಅದರ ನಿಧಿ ಬಹಳ ದೊಡ್ಡದು. ಆದರೆ ಇಂಗಾಲಾಮ್ಲವಾಯುವಿನ ಪಾಲು ಅತ್ಯಲ್ಪವಾದುದರಿಂದ ಅದರಲ್ಲಿ ಸ್ವಲ್ಪ ಹೆಚ್ಚಾದರೂ ಭೇದ ಕಾಣುವುದು. ದೊಡ್ಡ ಕಾರ್ಖಾನೆಗಳು ಹುಟ್ಟುವುದಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ೨೮೦ ಪಾಲಿದ್ದಿತು. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ೧೯೫೮ರಲ್ಲಿ ಅಳೆಯಲಾರಂಭಿಸಿದಾಗ ಸುಮಾರು ೩೧೫ ಆಗಿದ್ದಿತು. ಈಗ ೪೨೦ನ್ನು ಮೀರಿದೆ. ಮಂದವಾದ ಸೂರ್ಯನ ಕಾಲದಲ್ಲಿ ಭೂಮಿಯನ್ನು ಬೆಚ್ಚಗಿಟ್ಟ ಕಂಬಳಿಯನ್ನೇ ಪ್ರಖರವಾದ ಸೂರ್ಯನ ಕಾಲದಲ್ಲಿ ನಾವು ಮತ್ತೆ ದಪ್ಪಮಾಡುತ್ತಿದ್ದೇವೆ.

ಗಾಳಿಯು ಕಾರ್ಯವೆಂದೂ, ಕಾರ್ಯವಾದುದು ಅನಿತ್ಯವೆಂದೂ ಒಪ್ಪಿದ ಮೇಲೆ, ಅದು ಮಾರ್ಪಡಬಲ್ಲುದೆಂಬುದನ್ನೂ ಒಪ್ಪಬೇಕಾಗುವುದು. ಪಾಚಿಗೆ ತಾನು ಮಾಡುತ್ತಿದ್ದ ಕೆಲಸದ ಅರಿವಿರಲಿಲ್ಲ. ಅದರಿಂದ ಯಾರು ಸತ್ತರು, ಯಾರು ಬದುಕಿದರು ಎಂಬುದೂ ಅದಕ್ಕೆ ತಿಳಿಯದು. ನಮಗೆ ಅರಿವಿದೆ, ಅಳತೆಯೂ ಇದೆ. ಅರಿತು ಮಾಡುವವನ ಹೊಣೆಯು ಅರಿಯದೆ ಮಾಡಿದವನ ಹೊಣೆಗಿಂತ ಹೆಚ್ಚಿನದೆಂಬುದು ಧರ್ಮಶಾಸ್ತ್ರವನ್ನು ಬಲ್ಲ ಗೃಹಸ್ಥರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಭೂಗರ್ಭದಿಂದ ಹೊರಟ ನೀರಾವಿಯು ಕಡಲಾಯಿತೆಂದು ಮೇಲೆ ಹೇಳಿದೆವಷ್ಟೆ. ಆ ಕಡಲಿನ ನೀರು ಉಪ್ಪಾದುದು ಹೇಗೆಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.